ಜುಲೈಗೆ ಕಂತು, ಏಪ್ರಿಲ್‌ಗೆ ಹೈದರಾಬಾದ್: ಒಂಬತ್ತು ತಿಂಗಳ ರೊಕ್ಕದ ಲೆಕ್ಕ

ಆರ್‌ಡಿ, ಅಂದರೆ ಬ್ಯಾಂಕಿನಲ್ಲಿ ತಿಂಗಳ ಕಂತಿನ ಠೇವಣಿ, ಕಟ್ಟಿ ವರ್ಷಕ್ಕೊಮ್ಮೆ ಕಲಬುರಗಿಯಿಂದ ಹೈದರಾಬಾದಿನ ವಂಡರ್‌ಲಾ ಆಟದ ಪಾರ್ಕಿಗೆ ಹೋಗುತ್ತೇವೆ ಎಂದರೆ ನಕ್ಕವರೇ ಹೆಚ್ಚು. ‘ಅದರಾಗೇನು ಬಡ್ಡಿ ಬರ್ತದ?’ ಬರುವುದಿಲ್ಲ, ಖರೆ. ತಿಂಗಳಿಗೆ 2,000ದಂತೆ ಒಂಬತ್ತು ಕಂತು ಕಟ್ಟಿದರೆ, ಆರೂವರೆ ಪರ್ಸೆಂಟಿನ ಲೆಕ್ಕದಲ್ಲಿ ಬಡ್ಡಿ ಐನೂರು ರೂಪಾಯಿಯೂ ಮುಟ್ಟುವುದಿಲ್ಲ. ನಾಲ್ವರ ಒಂದು ಹೊತ್ತಿನ ಊಟಕ್ಕೆ ಸರಿ. ಆದರೆ ಅದೇ 18,000ವನ್ನು ಕಾರ್ಡಿನಲ್ಲಿ ಉಜ್ಜಿ, ಹದಿನೈದು ಪರ್ಸೆಂಟಿಗೆ 12 ತಿಂಗಳ ಇಎಂಐ ಮಾಡಿಸಿದರೆ ಬಡ್ಡಿಯೇ ಸುಮಾರು 1,500 ಆಗುತ್ತದೆ. ಮೇಲೆ ಪ್ರೊಸೆಸಿಂಗ್ ಫೀ, ಅದಕ್ಕೊಂದು ಜಿಎಸ್‌ಟಿ. ಬರುವ ಐನೂರು, ಹೋಗುವ ಒಂದೂವರೆ ಸಾವಿರ, ಎರಡನ್ನೂ ಕೂಡಿಸಿದರೆ ಒಬ್ಬರ ಟಿಕೆಟ್ ಪೂರಾ ಎದ್ದು ಮೇಲೆ ಉಳಿಯುತ್ತದೆ. ನಕ್ಕವರಲ್ಲಿ ಕೆಲವರು ಈಗ ಇದೇ ಲೆಕ್ಕ ಕೇಳಿಕೊಂಡು ಹೋಗುತ್ತಾರೆ.

ಉಳಿತಾಯ ಎಲ್ಲಿ ಮುರಿಯುತ್ತದೆ ಎಂದರೆ ಶುರು ಮಾಡುವ ತಿಂಗಳಲ್ಲಿ. ಜನವರಿ ಒಂದಕ್ಕೆ ಹುರುಪಿನಿಂದ ಶುರು ಮಾಡಿದ್ದು ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆ, ಅದರ ಬೆನ್ನಿಗೆ ಯುಗಾದಿ ಬಂದಾಗ ಅಲುಗಾಡುತ್ತದೆ. ಮೇ-ಜೂನ್‌ನಲ್ಲಿ ಶಾಲೆ ಫೀ, ಪುಸ್ತಕ, ಯೂನಿಫಾರ್ಮ್ ಬಂದಾಗ ಮಕಾಡೆ ಮಲಗುತ್ತದೆ. 12 ತಿಂಗಳ ಆರ್‌ಡಿ ಯಾವ ತಿಂಗಳಲ್ಲಿ ಶುರುವಾದರೂ ಈ ಮೇ-ಜೂನ್ ಗೋಡೆಗೆ ಒಮ್ಮೆ ಬಡಿಯಲೇಬೇಕು. ಅದಕ್ಕೇ ಫೀ ಕಟ್ಟಿ ಕೈ ತೊಳೆದುಕೊಂಡ ಮೇಲೆ, ಜುಲೈ 5ಕ್ಕೆ ಮೊದಲ ಕಂತು. ಒಂಬತ್ತು ಕಂತು ಮುಗಿದು ಏಪ್ರಿಲ್ ಮೊದಲ ವಾರಕ್ಕೆ ಕೈಗೆ ಬರಬೇಕು. ನಡುವೆ ಪಂಚಮಿ, ದಸರಾ-ದೀಪಾವಳಿ, ಎಳ್ಳಮಾಸಿ ಬರುತ್ತವೆ. ಅವು ತಾಳಿಕೊಳ್ಳಬಹುದಾದ ಖರ್ಚು.

ಏಪ್ರಿಲ್ ಮೊದಲ ವಾರವೇ ಏಕೆ? ಈಚಿನ ವರ್ಷಗಳಲ್ಲಿ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ 11ರ ಸುಮಾರಿಗೆ ಬೀಳುತ್ತಿದೆ. ತೆಲಂಗಾಣದ ಶಾಲೆಗಳು ಏಪ್ರಿಲ್ 23ರ ತನಕ ನಡೆಯುತ್ತವೆ, ಮತ್ತೆ ತೆರೆಯುವುದು ಜೂನ್ 12ಕ್ಕೆ. ಅಂದರೆ ನಮ್ಮ ಮಕ್ಕಳಿಗೆ ರಜೆ, ಅಲ್ಲಿಯ ಮಕ್ಕಳಿಗೆ ಇಲ್ಲ ಎನ್ನುವ ಹತ್ತು-ಹನ್ನೆರಡು ದಿನ ಸಿಗುತ್ತವೆ. ಇಡೀ ಯೋಜನೆ ನಿಂತಿರುವುದೇ ಈ ಕಿಂಡಿಯ ಮೇಲೆ. ಅದರೊಳಗೂ ಮಂಗಳವಾರದಿಂದ ಗುರುವಾರದ ನಡುವಿನ ದಿನ ಹಿಡಿಯಬೇಕು. ಏಪ್ರಿಲ್ 14 ಅಂಬೇಡ್ಕರ್ ಜಯಂತಿಯ ರಜೆ, ಅವತ್ತು ಬೇಡ. ಗುಡ್ ಫ್ರೈಡೆ ಆ ವಾರದಲ್ಲೇ ಬಿದ್ದರೆ ಅದೂ ಬೇಡ. ಮೇ ತಿಂಗಳ ಭಾನುವಾರ ಒಂದೊಂದು ಆಟಕ್ಕೆ ಮುಕ್ಕಾಲು ತಾಸು ನಿಲ್ಲುವವರು, ಈ ದಿನಗಳಲ್ಲಿ ಬಹುತೇಕ ಆಟಗಳಿಗೆ ಹತ್ತು-ಹದಿನೈದು ನಿಮಿಷದಲ್ಲಿ ಏರಬಹುದು. ಸರತಿ ಇಲ್ಲವೆಂದರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇಕಿಲ್ಲ. ಅದೇ ದೊಡ್ಡ ಉಳಿತಾಯ.

ಆರ್‌ಡಿ ತೆರೆಯುವಾಗ ಬ್ಯಾಂಕ್ ನೋಡಿ ತೆರೆಯಿರಿ. ಕೆಲವು ಬ್ಯಾಂಕುಗಳಲ್ಲಿ 12 ತಿಂಗಳಿಗಿಂತ ಕಡಿಮೆ ಅವಧಿ ಇಲ್ಲ, ಕೆಲವು 6 ತಿಂಗಳಿಂದ ಶುರು ಮಾಡಿ ಮೂರು ಮೂರು ತಿಂಗಳಂತೆ ಏರಿಸುತ್ತವೆ. ಎರಡನೆಯದು ಸಿಕ್ಕರೆ ಚಲೋ. ಸಿಗದಿದ್ದರೆ 12 ತಿಂಗಳದ್ದನ್ನೇ ತೆರೆದು ಒಂಬತ್ತಕ್ಕೆ ಮುರಿಸಿ, ಬಡ್ಡಿಯಲ್ಲಿ ನೂರಿನ್ನೂರು ಹೋಗುತ್ತದೆ, ಅಷ್ಟೆ. ಅಂಚೆ ಕಚೇರಿಯ ಆರ್‌ಡಿ ಈ ಕೆಲಸಕ್ಕಲ್ಲ. ಬಡ್ಡಿ 6.7 ಪರ್ಸೆಂಟ್ ಎಂದು ಮನಸ್ಸು ಹೋಗುತ್ತದೆ, ಆದರೆ ಅದು 5 ವರ್ಷದ್ದು. ಮೂರು ವರ್ಷ ಆಗದೆ ಮುರಿಸಲು ಬರುವುದಿಲ್ಲ.

ಗೃಹಲಕ್ಷ್ಮಿಯ 2,000 ಕಂತಿಗೆ ಸರಿಯಾಗಿ ಹೊಂದುತ್ತದೆ ಎಂದು ಅದನ್ನೇ ನೇರವಾಗಿ ಆಟೊ ಡೆಬಿಟ್‌ಗೆ ಜೋಡಿಸುವವರಿದ್ದಾರೆ. ಅಲ್ಲೇ ತಪ್ಪುವುದು. ಆ ಹಣಕ್ಕೆ ಪಗಾರದಂತೆ ಗೊತ್ತಾದ ತಾರೀಖು ಇಲ್ಲ, ಒಮ್ಮೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ ಬರುತ್ತದೆ. 5ನೇ ತಾರೀಖಿಗೆ ಖಾತೆ ಬರಿದಾಗಿದ್ದರೆ ಕಂತು ತಪ್ಪುತ್ತದೆ, ನೂರಕ್ಕೆ ಒಂದೂವರೆ ರೂಪಾಯಿಯಂತೆ ದಂಡ ಹಾಕುವ ಬ್ಯಾಂಕುಗಳಿವೆ. ಮೊದಲು ಎರಡು ಕಂತಿನಷ್ಟು, ಅಂದರೆ 4,000 ಖಾತೆಯಲ್ಲಿ ಕೂಡಿಹಾಕಿ, ಆಮೇಲೆ ಆರ್‌ಡಿ ಶುರು ಮಾಡಿದರೆ ಹೆಚ್ಚುಕಡಿಮೆ ತಾಳಿಕೊಳ್ಳುತ್ತದೆ. ಆ ಖಾತೆಯನ್ನು ಯುಪಿಐಗೆ ಜೋಡಿಸಬಾರದು, ಎಟಿಎಂ ಕಾರ್ಡ್ ಅಲಮಾರಿಯಲ್ಲಿರಬೇಕು. ಫೋನಿನಿಂದ ಹೋಗುವ ರೊಕ್ಕ ಹಾಲು-ತರಕಾರಿಗೆ ಹೋದದ್ದೇ ಗೊತ್ತಾಗುವುದಿಲ್ಲ. ಆರ್‌ಡಿ ಮುಗಿದ ಮೇಲೂ ಹಣ ಇದೇ ಖಾತೆಗೆ ಬೀಳಬೇಕು, ಪಗಾರದ ಖಾತೆಗಲ್ಲ. ಪಗಾರದ ಖಾತೆಗೆ ಬಿದ್ದದ್ದು ವಾರದೊಳಗೆ ಅರ್ಧ ಕರಗುತ್ತದೆ.

ಭಿಶಿಯ, ಅಂದರೆ ಚೀಟಿ ಹಣದ, ಮಾತು ಬಂದೇ ಬರುತ್ತದೆ. ಓಣಿಯ ಭಿಶಿಯಲ್ಲಿ ತಾಪತ್ರಯ ರೊಕ್ಕದ್ದಲ್ಲ, ನಂಬರಿನದ್ದು. ಸೆಪ್ಟೆಂಬರ್‌ನಲ್ಲಿ ಚೀಟಿ ಎದ್ದರೆ ಏಪ್ರಿಲ್ ತನಕ ಆ ಹಣ ಉಳಿಯುವುದಿಲ್ಲ. ಜೂನ್‌ನಲ್ಲಿ ಎದ್ದರೆ ರಜೆ ಮುಗಿದಿರುತ್ತದೆ. ಕೊನೆಯ ನಂಬರ್ ಕೇಳಿ ತೆಗೆದುಕೊಂಡರೆ, ಮೊದಲೇ ಎತ್ತಿದವರಲ್ಲಿ ಒಬ್ಬರು ಕಟ್ಟುವುದನ್ನು ನಿಲ್ಲಿಸಿದರೂ ಪೆಟ್ಟು ನಿಮಗೇ. ಹರಾಜಿನ ನೋಂದಾಯಿತ ಚಿಟ್‌ಗಳಲ್ಲಿ ಕಾನೂನಿನ ಭದ್ರತೆ ಇದೆ, ಆದರೆ 2019ರ ತಿದ್ದುಪಡಿಯ ನಂತರ ನಡೆಸುವವರ ಕಮಿಷನ್ 7 ಪರ್ಸೆಂಟ್ ತನಕ ಇರಬಹುದು. 18,000ಕ್ಕೆ 7 ಪರ್ಸೆಂಟ್ ಎಂದರೆ 1,260, ಅದೂ ಒಂದು ಟಿಕೆಟಿನ ಸುತ್ತಮುತ್ತ.

ಪಗಾರ ಇಲ್ಲದ, ಹೊಲ ಇರುವ ಮನೆಗಳಿಗೆ ಈ ಒಂಬತ್ತು ಕಂತಿನ ಲೆಕ್ಕ ಹಿಡಿಸುವುದಿಲ್ಲ. ಆಳಂದ, ಸೇಡಂ, ಚಿತ್ತಾಪುರದ ಕಡೆ ರೊಕ್ಕ ಕಾಣುವುದು ತೊಗರಿ ರಾಶಿ ಆದ ಮೇಲೆ. ಅವರಿಗೆ ಸುಲಭದ ದಾರಿ ಬೇರೆ ಇದೆ: ರಾಶಿ ಮುಗಿದು ಮಾರಿದ ದಿನವೇ ಎರಡೂವರೆ ಕ್ವಿಂಟಲಿನ ಹಣ ತೆಗೆದು ಮೂರು ತಿಂಗಳ ಎಫ್‌ಡಿಗೆ ಹಾಕುವುದು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000, ಹಿಂದಿನ ಹಂಗಾಮಿನದು 7,550. ಎರಡೂವರೆ ಕ್ವಿಂಟಲ್ ಎಂದರೆ ಪ್ರವಾಸ ಸಲೀಸು. ‘ದರ ಏರಲಿ, ಪ್ರವಾಸದ ಚೀಲ ಬ್ಯಾರೆ ಇಡೋಣ’ ಎನ್ನುವ ಪ್ರಯೋಗವೂ ನಡೆದಿದೆ, ಕೆಲವೊಮ್ಮೆ ಲಾಭವೂ ಆಗಿದೆ. ಆದರೆ ತೊಗರಿಯ ದರ ಒಂದು ವರ್ಷ ಹತ್ತು ಸಾವಿರ ದಾಟಿ, ಮರುವರ್ಷ ಬೆಂಬಲ ಬೆಲೆಯ ಕೆಳಗೆ ಇಳಿಯುವ ಸರಕು. ಚೀಲಕ್ಕೆ ಹುಳ ಬಿದ್ದರೆ ಏಪ್ರಿಲ್ ಹೊತ್ತಿಗೆ ಕಾಳಿನಲ್ಲಿ ತೂತೇ ಹೆಚ್ಚು. ಪ್ರವಾಸದ ಹಣವನ್ನು ದರದ ಜೂಜಿಗೆ ಇಡಬಾರದು, ಬೇಕಾದರೆ ಬೇರೆ ಚೀಲ ಇಟ್ಟುಕೊಳ್ಳಿ.

ಈಗ 18,000 ಎಲ್ಲಿ ಹೋಗುತ್ತದೆ ನೋಡಿ. ಕಲಬುರಗಿಯಿಂದ, ನಾಲ್ವರು, ಎರಡು ರಾತ್ರಿ. ಪಾರ್ಕಿನ ಟಿಕೆಟ್ ವಾರದ ದಿನ, ಆನ್‌ಲೈನ್‌ನಲ್ಲಿ ಮುಂಚೆ ತೆಗೆದರೆ ನಾಲ್ವರಿಗೆ ಸುಮಾರು 5,300. ರೈಲು ಸ್ಲೀಪರ್, ಹೋಗಿ ಬರಲು 1,600ರ ಹತ್ತಿರ. ರೂಮಿಗೆ ಎರಡು ರಾತ್ರಿ ಸೇರಿ 3,500. ಊರೊಳಗಿನ ಓಡಾಟ 1,500, ಊಟ-ತಿಂಡಿ ಪಾರ್ಕಿನದೂ ಸೇರಿ 3,400. ಈಜಿನ ಬಟ್ಟೆ, ಲಾಕರ್ 800. ಇನ್ನೊಂದು ದಿನದ ಸುತ್ತಾಟ, ಗೋಲ್ಕೊಂಡವೋ ಸಾಲಾರ್‌ಜಂಗ್ ಮ್ಯೂಸಿಯಮ್ಮೋ, 600. ಕೂಡಿದರೆ 16,700, ಅದರ ಮೇಲೆ ಹತ್ತು ಪರ್ಸೆಂಟ್ ಕೈಮೀರಿದ ಖರ್ಚು. ಟಿಕೆಟಿನ ಪಾಲು ಮೂರರಲ್ಲಿ ಒಂದೂ ಅಲ್ಲ. ಟಿಕೆಟಿನ ದರ ನೋಡಿ ಅದಕ್ಕಷ್ಟೇ ಕೂಡಿಸುವವರು ಹೈದರಾಬಾದಿನಲ್ಲಿ ಸಾಲದ ಫೋನ್ ಮಾಡುವುದು ಇದಕ್ಕೇ. ಇನ್ನೊಂದು: ದರಪಟ್ಟಿಯಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕೊನೆಯ ಪರದೆಯ ತನಕ ಹೋಗಿ ನೋಡಿ. 2018ರಲ್ಲಿ 28ರಿಂದ 18 ಪರ್ಸೆಂಟಿಗೆ ಇಳಿದಿದ್ದರೂ ನಾಲ್ಕು ಟಿಕೆಟಿಗೆ ಅದು ಚಿಲ್ಲರೆ ಮೊತ್ತವಲ್ಲ.

ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರಿನ ಕೆಳಗೆ ಉಚಿತ, 140ರ ತನಕ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಜುಲೈನಲ್ಲಿ ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ನೋಟ್‌ಬುಕ್ ಅಡ್ಡ ಹಿಡಿದು ಗೆರೆ ಎಳೆಯಿರಿ. ಆ ಗೆರೆಗೆ ಐದು ಸೇರಿಸಿ. 135 ದಾಟಿದ ಮಗುವಿಗೆ ಏಪ್ರಿಲ್‌ನಲ್ಲಿ ದೊಡ್ಡವರ ಟಿಕೆಟ್ ಎಂದೇ ಲೆಕ್ಕ ಹಾಕಿ. ಆ ಎತ್ತರ ಮುಟ್ಟಿದರೆ ಲಾಭವೂ ಉಂಟು. ರಿಕಾಯ್ಲ್ ಎಂಬ ರೋಲರ್ ಕೋಸ್ಟರ್‌ನಂಥ ದೊಡ್ಡ ಆಟಗಳಿಗೆ ಬಿಡುವುದು ಆಮೇಲೆಯೇ. ಇಬ್ಬರೂ ಮಕ್ಕಳು 120ರ ಆಸುಪಾಸಿನಲ್ಲಿದ್ದರೆ ಅರ್ಧ ಆಟಗಳ ಹೊರಗೆ ನಿಲ್ಲಬೇಕಾಗುತ್ತದೆ. ಆ ವರ್ಷ ರಾಮೋಜಿ ಫಿಲ್ಮ್ ಸಿಟಿಯೇ ಸೈ. ಬಸ್ಸಿನಲ್ಲಿ ಕೂತು ಸುತ್ತುವುದು ಹೆಚ್ಚು, ಅಜ್ಜ-ಅಜ್ಜಿಗೂ ಒಗ್ಗುತ್ತದೆ. ಎರಡನ್ನೂ ಒಂದೇ ಪ್ರವಾಸಕ್ಕೆ ತುರುಕಬೇಡಿ. ರಾಮೋಜಿ ವಿಜಯವಾಡ ರಸ್ತೆಯಲ್ಲಿದೆ, ವಂಡರ್‌ಲಾ ರಾವಿರ್ಯಾಲದಲ್ಲಿ.

ಬಟ್ಟೆಯ ವಿಷಯಕ್ಕೆ ಜಗಳ ಆಗುವುದು ಪಾರ್ಕಿನ ಬಾಗಿಲಲ್ಲಿ. ನೀರಿಗೆ ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಮಾತ್ರ. ಹತ್ತಿ ನೀರು ಹೀರಿ ಭಾರವಾಗುತ್ತದೆ, ಅದರ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಲೋಹದ ಗುಂಡಿ, ಜಿಪ್ಪು ಜಾರುಬಂಡೆಯ ಫೈಬರ್ ಕೆರೆಯುತ್ತವೆ. ಅದಕ್ಕೇ ಬಿಡುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಗುಂಡಿಯಿಲ್ಲದ ಪಾಲಿಯೆಸ್ಟರ್ ಟೀ ಶರ್ಟ್, ಲೈಕ್ರಾ ಲೆಗ್ಗಿಂಗ್ ಜೋಡಿ ಮುನ್ನೂರರ ಒಳಗೆ ಸಿಗುತ್ತವೆ, ಮೂರು-ನಾಲ್ಕು ವರ್ಷ ಬಾಳುತ್ತವೆ. ಫೆಬ್ರವರಿಯಲ್ಲೇ ತೆಗೆದಿಡಿ, ಏಪ್ರಿಲ್‌ನಲ್ಲಿ ಮಕ್ಕಳ ಸೈಜ್ ಸಿಗುವುದಿಲ್ಲ.

ಹೊರಗಿನ ತಿನಿಸು ಒಳಗೆ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ರೈಲಿಗೆ, ರೂಮಿಗೆ. ಬೆಳಿಗ್ಗೆ ಹೊಟ್ಟೆತುಂಬ ತಿಂದು ಹೋದರೆ ಒಳಗೆ ಒಂದೇ ಊಟಕ್ಕೆ ಮುಗಿಯುತ್ತದೆ. ನೀರಿನ ಆಟ ಶುರುವಾಗುವುದು ಮಧ್ಯಾಹ್ನದ ಹೊತ್ತಿಗೆ. ಆದ್ದರಿಂದ ಬಾಗಿಲು ತೆರೆದ ಕೂಡಲೇ ಒಣ ಆಟಗಳಲ್ಲಿ ದೊಡ್ಡವನ್ನು ಮುಗಿಸಿ, ಎಲ್ಲರೂ ನೀರಿಗೆ ಓಡುವ ಹೊತ್ತಿಗೆ ಊಟಕ್ಕೆ ಕೂಡಬೇಕು.

ರೈಲು ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಅಂದರೆ ಫೆಬ್ರವರಿ ನಡುವಿಗೆ. ಆರ್‌ಡಿ ಆಗ ಮುಗಿದಿರುವುದಿಲ್ಲ. ಈ 1,600 ಬೇರೆ ಇರಬೇಕು, ಮೇಲೆ ಹೇಳಿದ 4,000ದಿಂದ ತೆಗೆಯಬಹುದು. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಬರ್ತ್ ಬೇಡವೆಂದರೆ ಅರ್ಧ ದರ. ಹಗಲು ಪ್ರಯಾಣ ಐದು ತಾಸಿನದು, ತೊಡೆಯ ಪಕ್ಕ ಕೂಡಿಸಿಕೊಳ್ಳಬಹುದು. ಪಾರ್ಕ್ ಮುಗಿಸಿ ಅದೇ ರಾತ್ರಿಯ ರೈಲು ಹಿಡಿಯುತ್ತೇವೆ ಎನ್ನುವ ಲೆಕ್ಕ ಮಾತ್ರ ಬೇಡ. ರಾವಿರ್ಯಾಲದಿಂದ ಸ್ಟೇಷನ್ನಿಗೆ ಸಂಜೆಯ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ರೈಲು ಲಿಂಗಂಪಲ್ಲಿ ದಾಟಿರುತ್ತದೆ.

ಬಸ್ಸಿಗೆ ಹೋಗುವವರು, ಬೀದರಿನವರೂ ಸೇರಿ, ಊರ ನಡುವಿನ ತನಕ ಕೂಡದೆ ಮಿಯಾಪುರದಲ್ಲಿ ಇಳಿಯಿರಿ. ಅಲ್ಲಿಂದ ಎಲ್‌.ಬಿ. ನಗರಕ್ಕೆ ಒಂದೇ ಮೆಟ್ರೊ, ತಲೆಗೆ 70ರ ಆಸುಪಾಸು, ತಾಸಿನೊಳಗೆ ಮುಟ್ಟುತ್ತದೆ. ಅದೇ ದಾರಿಗೆ ಕ್ಯಾಬ್ ಏಳೆಂಟು ನೂರು ಕೇಳುತ್ತದೆ. ಎಲ್‌.ಬಿ. ನಗರ, ದಿಲ್‌ಸುಖ್‌ನಗರದ ರೂಮುಗಳು ಹೈಟೆಕ್ ಸಿಟಿಗಿಂತ ಎಷ್ಟೋ ಅಗ್ಗ, ಎರಡೂ ಪಾರ್ಕುಗಳಿಗೆ ಹತ್ತಿರ. ನಾಲ್ವರಿಗೆ ಇಬ್ಬರ ದರದಲ್ಲಿ ರೂಮ್ ಹೇಗೆ ಕೇಳಬೇಕು ಎನ್ನುವುದನ್ನು ಬರೆಯುವುದಿಲ್ಲ, ಎಲ್ಲರೂ ಕೇಳತೊಡಗಿದರೆ ಅದು ನಡೆಯುವುದಿಲ್ಲ. ಯಾದಗಿರಿಯವರಿಗೆ ಊರೊಳಗೆ ಹೋಗುವ ಹಂಗೇ ಇಲ್ಲ: ಗುರುಮಠಕಲ್, ಮಹಬೂಬ್‌ನಗರದ ಮೇಲೆ ಹೋದರೆ ಶಂಶಾಬಾದ್, ಅಲ್ಲಿಂದ ಔಟರ್ ರಿಂಗ್ ರಸ್ತೆ ಹಿಡಿದರೆ ರಾವಿರ್ಯಾಲ.

ಶಕ್ತಿ ಯೋಜನೆಯ ಉಚಿತ ಪ್ರಯಾಣದಲ್ಲಿ ಹುಮನಾಬಾದ್ ತನಕ ಹೋಗಿ, ಅಲ್ಲಿ ಬಸ್ ಬದಲಿಸಿ ಹೈದರಾಬಾದಿಗೆ ಹೋಗುವ ಉಪಾಯ ಹಲವರು ಹೇಳುತ್ತಾರೆ. ಉಳಿಯುವುದು ಹೆಂಗಸರ ಟಿಕೆಟಿನ ಆ ಅರವತ್ತು ಕಿಲೋಮೀಟರಿನ ಪಾಲು ಮಾತ್ರ. ಬ್ಯಾಗು, ಮಕ್ಕಳು, ಏಪ್ರಿಲ್ ಬಿಸಿಲು, ತುಂಬಿ ಬರುವ ಮುಂದಿನ ಬಸ್ಸು. ಅಲ್ಲಿ ಎರಡು ಎಳನೀರು ಕುಡಿದರೆ ಉಳಿದದ್ದರಲ್ಲಿ ಅರ್ಧ ಮುಗಿಯಿತು.

ಪ್ರವಾಸ ಮುಗಿದು ಉಳಿದದ್ದು, ಸಾಮಾನ್ಯವಾಗಿ ಒಂದೂವರೆ ಸಾವಿರದ ಒಳಗೆ, ಆ ಯುಪಿಐ ಇಲ್ಲದ ಖಾತೆಯಲ್ಲೇ ಕೂಡಲಿ. ಮುಂದಿನ ಫೆಬ್ರವರಿಯ ರೈಲು ಟಿಕೆಟಿಗೆ ಅದೇ ಆಧಾರ. ಕಂತನ್ನು ಮಾತ್ರ ಪ್ರತಿ ಜುಲೈಗೆ 150-200 ಏರಿಸಿ ಹೊಸದಾಗಿ ತೆರೆಯಿರಿ. ಟಿಕೆಟ್, ರೂಮು ಏರುತ್ತಲೇ ಇರುತ್ತವೆ, ಗೋಡೆಯ ಮೇಲಿನ ಗೆರೆಯೂ.