ಅಡಿಕೆ ಸುಲಿಯುವ ರೋಲರಿಗೆ ಪೇಟೆಂಟ್ ಮಾಡಿಸಿದ್ದು

ತೀರ್ಥಹಳ್ಳಿ ಹತ್ತಿರ ನನ್ನದೊಂದು ಚಿಕ್ಕ ವರ್ಕ್‌ಶಾಪ್. ಹಸಿ ಅಡಿಕೆ ಸುಲಿಯುವ ಯಂತ್ರದ ರಿಪೇರಿಯೇ ಜಾಸ್ತಿ. ಸಣ್ಣ ಕಾಯಿ, ದಪ್ಪ ಕಾಯಿ ಒಟ್ಟಿಗೆ ಬಂದರೆ ಬ್ಲೇಡು ಒಳಗಿನ ಅಡಿಕೆಯನ್ನೂ ಕಚ್ಚುತ್ತದೆ. ಗಾಯವಾದ ಅಡಿಕೆಗೆ ರೇಟಿಲ್ಲ. ಮೆಟ್ಟುಗತ್ತಿಯಲ್ಲಿ ಸುಲಿಯುವವರ ಕೈಗೆ ಗೊತ್ತಾಗುವುದು ಯಂತ್ರಕ್ಕೆ ಗೊತ್ತಾಗಲ್ಲ, ಅಲ್ವಾ? ಎರಡು ಸೀಸನ್ ಒದ್ದಾಡಿ, ಕಾಯಿಯ ದಪ್ಪಕ್ಕೆ ತಕ್ಕಂತೆ ತಾನೇ ಹಿಂದೆ ಸರಿಯುವ ರೋಲರ್ ಮಾಡಿದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಕೃಷಿ ಮೇಳಕ್ಕೆ ಒಯ್ಯುವ ಆಸೆ. ಪರಿಚಯದ ಪೇಟೆಂಟ್ ಏಜೆಂಟ್ ಒಬ್ಬರು, "ಅರ್ಜಿ ಹಾಕದೆ ಜನರಿಗೆ ತೋರಿಸಿದ್ರೋ, ಹೋಯ್ತು ಅಂತ ತಿಳ್ಕೊಳ್ಳಿ" ಅಂದರು. ನಾವೇ ತೋರಿಸಿದರೂ ಅದು ಹಳೇದಾಗಿ, ಪೇಟೆಂಟ್ ಸಿಗಲ್ಲವಂತೆ. ಪ್ರದರ್ಶನಕ್ಕೆ ವಿನಾಯಿತಿ ಇದೆ, ಆದರೆ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ್ದಕ್ಕೆ ಮಾತ್ರ. ಅಷ್ಟರಲ್ಲಿ ನಮ್ಮ ಅಳಿಯ ಸ್ಟೇಟಸ್‌ಗೆ ಹಾಕಲು ವಿಡಿಯೋ ತೆಗೆದಿಟ್ಟಿದ್ದ. ಫೋನ್ ಕಸಿದುಕೊಂಡೆ.

ಮೇಳಕ್ಕೆ ಮೊದಲೇ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿದೆವು. ಆನ್‌ಲೈನಿನಲ್ಲಿ 1,600 ರೂಪಾಯಿ. ಕರ್ನಾಟಕದವರದ್ದು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ.

ಕಷ್ಟ ಇದ್ದದ್ದು ಕ್ಲೇಮ್ ಬರೆಯುವುದರಲ್ಲಿ, ಅಂದರೆ ಯಾವುದರ ಮೇಲೆ ನನ್ನ ಹಕ್ಕು ಅಂತ ಹೇಳುವ ಸಾಲು. "ರಬ್ಬರ್ ಹೊದಿಸಿದ, ಸ್ಪ್ರಿಂಗ್ ಇರುವ ರೋಲರ್" ಅಂತ ಬರೆದುಕೊಂಡು ಹೋಗಿದ್ದೆ. ಏಜೆಂಟ್ ಕೇಳಿದರು, "ನಾಳೆ ಯಾರಾದ್ರೂ ಸ್ಪ್ರಿಂಗ್ ಬದಲು ತೂಕ ಕಟ್ಟಿದ್ರೆ ಏನ್ಮಾಡ್ತೀರಿ?" ನನಗೆ ಉತ್ತರ ಇರಲಿಲ್ಲ. ಕೊನೆಗೆ "ಕಾಯಿ ಒತ್ತಿದಾಗ ಹಿಂದೆ ಸರಿದು, ಒತ್ತಡ ಹೋದ ಮೇಲೆ ಜಾಗಕ್ಕೆ ಮರಳುವ ವ್ಯವಸ್ಥೆ" ಅಂತಾಯಿತು. ಆಹಾ, ಎಷ್ಟು ಅಗಲ! ಪೇಟೆಂಟ್ ಕಚೇರಿಯ ಪರೀಕ್ಷಕರ ವರದಿ ಬಂದಾಗ ನೆಲಕ್ಕಿಳಿದೆ. ವಿದೇಶದ ಯಾವುದೋ ಹಳೇ ಯಂತ್ರ, ಅಕ್ರೋಟ್ ಒಡೆಯುವುದು, ಹೀಗೇ ಸರಿಯುತ್ತಿತ್ತು. ಗೊತ್ತಿರುವ ಬಿಡಿಭಾಗಗಳನ್ನು ಸುಮ್ನೆ ಜೋಡಿಸಿದ್ದೀರಿ ಎಂಬ ಆಕ್ಷೇಪವೂ ಇತ್ತು. ಉತ್ತರಕ್ಕೆ 6 ತಿಂಗಳು. ರಬ್ಬರಿನ ಮೇಲೆ ಓರೆಯಾಗಿ ಕೊರೆದ ಗೀರುಗಳು ಸಿಪ್ಪೆ ಹಿಡಿಯುತ್ತವೆ, ಅಡಿಕೆ ಹಿಡಿಯಲ್ಲ. ಅದನ್ನೇ ಹೊಸತು ಅಂತ ವಾದಿಸಿ ಕ್ಲೇಮ್ ಕಿರಿದು ಮಾಡಿದೆವು.

ಸಣ್ಣ ಉದ್ಯಮ ಅಂತ ಉದ್ಯಮ್ ನೋಂದಣಿ ಇದ್ದದ್ದರಿಂದ, ಬೇಗ ಪರೀಕ್ಷೆ ಮಾಡಿ ಎಂದು ಮೊದಲೇ ಫಾರ್ಮ್ 18ಎ ಹಾಕಲು ಸಾಧ್ಯವಾಗಿತ್ತು, 8,000 ರೂಪಾಯಿಗೆ. ಮಹಿಳೆಯರೂ ಹಾಕಬಹುದು. ಪೇಟೆಂಟ್ ಸಿಕ್ಕಿತು. ಅರ್ಜಿ ಹಾಕಿದ ದಿನದಿಂದ 20 ವರ್ಷ, ವರ್ಷವರ್ಷ ನವೀಕರಣದ ಫೀಸು ಕಟ್ಟುತ್ತಾ ಹೋಗಬೇಕು ಅಷ್ಟೆ.

ಆಮೇಲೆ ಪಕ್ಕದ ತಾಲೂಕಿನಲ್ಲಿ ನಕಲು ಬಂತು. ಗೀರು ಸಹಿತ! ವಕೀಲರು ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯಿತು. ಜಿಲ್ಲಾ ಕೋರ್ಟಿನಲ್ಲಿ ದಾವೆ ಹೂಡಬಹುದು. ಆದರೆ ಎದುರಿನವನು ಪೇಟೆಂಟೇ ರದ್ದು ಮಾಡಿ ಅಂತ ಪ್ರತಿದಾವೆ ಹಾಕಿದರೆ ಕೇಸು ಹೈಕೋರ್ಟಿಗೆ ಹೋಗುತ್ತದೆ. ರೋಲರ್ ಮಾರಿ ಬರುವ ದುಡ್ಡಿಗೆ ಆ ಖರ್ಚು ಎಲ್ಲಿ ಹೊಂದುತ್ತದೆ? ಅರ್ಜಿ ಫೀಸು ಇಳಿಸಿದ್ದು ಒಳ್ಳೇದೇ. ನನ್ನಂಥವರಿಗೆ ಪೇಟೆಂಟ್ ಬಲ ಬರಬೇಕಾದದ್ದು ಮಾತ್ರ ನಕಲು ತಡೆಯುವ ಈ ಜಾಗದಲ್ಲಿ.

ನಾನು ದಾವೆ ಹೂಡಲಿಲ್ಲ. ನೋಟಿಸ್ ಕಳಿಸಿ, ಆತನನ್ನು ವರ್ಕ್‌ಶಾಪಿಗೇ ಕರೆದು, ಚಹಾ ಕುಡಿಸಿ ಮಾತಾಡಿದೆ. ಯಂತ್ರ ಆತನದು, ರೋಲರ್ ನನ್ನಿಂದಲೇ ಕೊಳ್ಳಬೇಕು ಅಂತ ಕರಾರಾಯಿತು. ಪೇಟೆಂಟ್ ಪತ್ರ ಮೇಜಿನ ಮೇಲೆ ಇರದಿದ್ದರೆ ಆತ ಆ ಚಹಾಕ್ಕೂ ಬರುತ್ತಿರಲಿಲ್ಲ. ಈ ಸೀಸನ್ನಿಗೆ 40 ರೋಲರ್ ಬೇಕಂತೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.