ಗಿರಾಕಿ ಕೇಳಿದ ಪ್ರಶ್ನೆಯೇ ಕೀವರ್ಡ್

ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಮೊದಲ ಲೇಖನಕ್ಕೆ ದೊಡ್ಡದಾಗಿ ‘ಉಪ್ಪಿನಕಾಯಿ’ ಅಂತ ತಲೆಬರಹ ಕೊಟ್ಟು, ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ ಪದ, ಅಂದರೆ ಕೀವರ್ಡ್, ಅದೇ ಎಂದುಕೊಂಡು ಪ್ಯಾರಾಗೆ ನಾಲ್ಕು ಸಲ ತುರುಕಿದ್ದೆ. ಆರು ತಿಂಗಳು ಕಾದೆವು. ಓದಿದವರು ನೆಂಟರು ಮಾತ್ರ, ಅದೂ ನಾವೇ ಲಿಂಕ್ ಕಳಿಸಿದ ಮೇಲೆ.

ಬರೀ ‘ಉಪ್ಪಿನಕಾಯಿ’ ಎಂದು ಹುಡುಕುವವರಿಗೆ ಏನು ಬೇಕು? ಮಾಡುವ ವಿಧಾನವೋ, ಕೊಳ್ಳುವ ಅಂಗಡಿಯೋ, ಸುಮ್ನೆ ಫೋಟೋವೋ, ಯಾರಿಗೂ ಗೊತ್ತಿಲ್ಲ. ಅಲ್ಲಿ ದೊಡ್ಡ ಅಡುಗೆ ತಾಣಗಳು, ಯೂಟ್ಯೂಬ್ ಚಾನೆಲ್‌ಗಳು, ಆನ್‌ಲೈನ್ ಅಂಗಡಿಗಳು ಮೊದಲೇ ಸಾಲುಗಟ್ಟಿ ನಿಂತಿರುತ್ತವೆ. ಆದರೆ ‘ಮಿಡಿ ಉಪ್ಪಿನಕಾಯಿ ಮೆತ್ತಗಾಗದಂತೆ ಇಡುವುದು ಹೇಗೆ’ ಎಂದು ಹುಡುಕುವವರ ಸಮಸ್ಯೆ ಏನೆಂದು ಸ್ಪಷ್ಟವಾಗಿದೆ. ಅದಕ್ಕೆ ಸರಿಯಾಗಿ ಉತ್ತರ ಕೊಟ್ಟವರೂ ಕಡಿಮೆ. ಇಂಥವನ್ನೇ ಲಾಂಗ್ ಟೇಲ್, ಅಂದರೆ ಉದ್ದ ಬಾಲದ ಕೀವರ್ಡ್ ಎನ್ನುವುದು. 2004ರಲ್ಲಿ ಕ್ರಿಸ್ ಆಂಡರ್ಸನ್ ‘ವೈರ್ಡ್’ ಪತ್ರಿಕೆಗೆ ಬರೆದ ಲೇಖನದಿಂದ ಈ ‘ಉದ್ದ ಬಾಲ’ ಎಂಬ ಮಾತು ಚಾಲ್ತಿಗೆ ಬಂತು. ಹುಡುಕಾಟದ ಲೆಕ್ಕವನ್ನು ಗೆರೆ ಎಳೆದು ನೋಡಿದರೆ, ವಿಪರೀತ ಹುಡುಕುವ ಕೆಲವೇ ಪದಗಳು ತಲೆಯಲ್ಲಿ. ತಿಂಗಳಿಗೆ ಹತ್ತಿಪ್ಪತ್ತು ಸಲ ಹುಡುಕುವ ಲಕ್ಷಾಂತರ ಸಾಲುಗಳು ಬಾಲದಲ್ಲಿ. ದಿನದ ಹುಡುಕಾಟಗಳಲ್ಲಿ ಸುಮಾರು 15% ತಾನು ಹಿಂದೆಂದೂ ನೋಡದಂಥವು ಎಂದು ಗೂಗಲ್ಲೇ ಹೇಳಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೂರು ನಾಲ್ಕು ಪದ ಇದ್ದರೆ ಲಾಂಗ್ ಟೇಲ್ ಎಂದು ಇಂಗ್ಲಿಷ್ ಪಾಠಗಳು ಹೇಳುತ್ತವೆ. ಕನ್ನಡಕ್ಕೆ ಈ ಲೆಕ್ಕ ಒಪ್ಪುವುದಿಲ್ಲ. ‘ಮೆತ್ತಗಾಗದಂತೆ’ ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದ ಬೇಕಲ್ವಾ? ಆದ್ದರಿಂದ ಪದ ಎಣಿಸಬೇಡಿ. ಹುಡುಕುವವರ ಅಗತ್ಯ ಎಷ್ಟು ಖಚಿತವಾಗಿದೆ ಅಂತ ನೋಡಿ.

1. ಮೊದಲು ನೋಟ್‌ಬುಕ್, ಆಮೇಲೆ ಕಂಪ್ಯೂಟರ್

ಎಲ್ಲರೂ ಕೀವರ್ಡ್ ಹುಡುಕಿಕೊಡುವ ಟೂಲ್‌ನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿ ಕೆಟ್ಟೆ. ನಿಮ್ಮ ಗಿರಾಕಿಗಳು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನು ಹದಿನೈದು ದಿನ ಬರೆದಿಡಿ. ಕೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಅತ್ತಿಗೆಯ ವಾಟ್ಸಾಪ್ ತೆರೆದಾಗ ಸಿಕ್ಕಿದ್ದು ಇವು: ‘ಮೇಲೆ ಬಿಳಿ ಪದರ ಬಂದಿದೆ, ತಿನ್ನಬಹುದಾ?’ ‘ಫ್ರಿಜ್ಜಲ್ಲಿ ಇಡ್ಬೇಕಾ, ಹೊರಗೆ ಇಡ್ಬೇಕಾ?’ ‘ಎಣ್ಣೆ ಹಾಕದೇ ಇರೋದು ಇದ್ಯಾ?’ ‘ಮಗಳು ಅಮೆರಿಕಕ್ಕೆ ಹೊರಟಿದ್ದಾಳೆ, ವಿಮಾನದಲ್ಲಿ ಒಯ್ಯಬಹುದಾ?’ ‘ಜೀರಿಗೆ ಮಿಡಿಗೂ ಅಪ್ಪೆಮಿಡಿಗೂ ಏನು ವ್ಯತ್ಯಾಸ?’

ನಾನು ಬರೆದಿದ್ದ ಲೇಖನದಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ‘ಮಲೆನಾಡಿನ ಭವ್ಯ ಪರಂಪರೆ’ ಮಾತ್ರ ಬೇಕಾದಷ್ಟಿತ್ತು.

2. ಹುಡುಕು ಪೆಟ್ಟಿಗೆಯನ್ನು ಕೆದಕಿ

ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಇಲ್ಲವಾದರೆ ನಿಮ್ಮ ಹಳೇ ಹುಡುಕಾಟಗಳೇ ಸಲಹೆಯಾಗಿ ಬರುತ್ತವೆ. ‘ಮಿಡಿ ಉಪ್ಪಿನಕಾಯಿ’ ಎಂದು ಟೈಪ್ ಮಾಡಿ, ಎಂಟರ್ ಒತ್ತಬೇಡಿ. ಒಂದು ಜಾಗ ಬಿಟ್ಟು ಅ, ಇ, ಕ, ಮ ಹೀಗೆ ಒಂದೊಂದೇ ಅಕ್ಷರ ಹಾಕುತ್ತಾ ಕೆಳಗೆ ಬರುವ ಸಲಹೆಗಳನ್ನು ಬರೆದುಕೊಳ್ಳಿ. ಕರ್ಸರನ್ನು ಸಾಲಿನ ಶುರುವಿಗೆ ತಂದು ಅಲ್ಲೂ ಹೀಗೇ ಮಾಡಿ. ಆಮೇಲೆ ಎಂಟರ್ ಒತ್ತಿ. ಕೆಲವು ಹುಡುಕಾಟಗಳಿಗೆ ನಡುವೆ ‘ಜನರು ಇದನ್ನೂ ಕೇಳುತ್ತಾರೆ’ ಎಂಬಂಥ ಪ್ರಶ್ನೆಗಳ ಪೆಟ್ಟಿಗೆ ಬರುತ್ತದೆ. ಪುಟದ ಬುಡದಲ್ಲಿ ಸಂಬಂಧಪಟ್ಟ ಹುಡುಕಾಟಗಳೂ ಇರುತ್ತವೆ. ಯೂಟ್ಯೂಬ್‌ನಲ್ಲೂ ಇದನ್ನೇ ಮಾಡಿ. ಅಡುಗೆ ವಿಷಯಕ್ಕೆ ಅಲ್ಲಿಯ ಸಲಹೆಗಳೇ ಹೆಚ್ಚು ಉಪಯೋಗ ಎಂದು ನನಗನಿಸಿದೆ.

ಈಗ ಮುಖ್ಯ ಮಾತು. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡುತ್ತಾರೆ. ಅದಕ್ಕೆ ಕಾಗುಣಿತದ ಕಟ್ಟಳೆ ಇಲ್ಲ. ‘ಉಪ್ಪಿನಕಾಯಿ’ಯ ಕೊನೆಗೆ ಒಬ್ಬರು ‘ಎ, ಐ’ ಬರೆದರೆ ಇನ್ನೊಬ್ಬರು ‘ಎ, ವೈ, ಐ’ ಬರೆಯುತ್ತಾರೆ. ಮತ್ತೊಬ್ಬರು ನಡುವಿನ ‘ಎ’ಯನ್ನೇ ನುಂಗುತ್ತಾರೆ. ಇಂಗ್ಲಿಷಿನಲ್ಲಿ ಕೇಳಿ ಕೊನೆಗೆ ‘ಇನ್ ಕನ್ನಡ’ ಎಂದು ಸೇರಿಸುವವರಂತೂ ತುಂಬಾ ಜನ. ಹಾಗಾಗಿ ಪಟ್ಟಿಯಲ್ಲಿ ಮೂರು ಕಾಲಂ ಮಾಡಿ: ಕನ್ನಡ ಲಿಪಿ, ಇಂಗ್ಲಿಷ್ ಲಿಪಿಯ ಕನ್ನಡ, ಕಲಬೆರಕೆ.

3. ಸರ್ಚ್ ಕನ್ಸೋಲ್ ಎಂಬ ಬಿಟ್ಟಿ ಗಣಿ

ನಿಮ್ಮ ತಾಣ ಹಳೆಯದಾಗಿದ್ದರೆ ಇದೇ ಎಲ್ಲಕ್ಕಿಂತ ದೊಡ್ಡ ಆಸ್ತಿ. ನಿಮ್ಮ ತಾಣ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ದುಡ್ಡು ಕೊಡಬೇಕಿಲ್ಲ. ತಾಣ ನಿಮ್ಮದೇ ಎಂದು ಸಾಬೀತು ಮಾಡಿದರೆ ಸಾಕು. ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಜನ ಏನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಂಬುದೆಲ್ಲ ಅಲ್ಲಿದೆ. ತೀರಾ ಅಪರೂಪದ ಕೆಲವು ಹುಡುಕಾಟಗಳನ್ನು ಜನರ ಗುಟ್ಟು ಕಾಯಲೆಂದು ಗೂಗಲ್ ತೋರಿಸುವುದಿಲ್ಲ.

ಅಲ್ಲಿ ಕ್ವೆರಿ (ಜನ ಹುಡುಕಿದ ಸಾಲು) ಫಿಲ್ಟರ್ ತೆರೆದು ‘ರೆಜೆಕ್ಸ್’, ಅಂದರೆ ಹಲವು ಪದಗಳನ್ನು ಒಟ್ಟಿಗೆ ಸೋಸುವ ಆಯ್ಕೆ, ಆರಿಸಿ. ಹೀಗೆ ಹಾಕಿ: ಹೇಗೆ|ಯಾಕೆ|ಎಷ್ಟು|ಯಾವ. ನಡುವಿನ ನೆಟ್ಟಗಿನ ಗೀಟಿಗೆ ‘ಅಥವಾ’ ಎಂದರ್ಥ. ಪ್ರಶ್ನೆಯಾಗಿ ಬಂದ ಹುಡುಕಾಟಗಳಷ್ಟೇ ಉಳಿಯುತ್ತವೆ. ಅದೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಇನ್ನೊಂದು ಸಲ ಹಾಕಿ. ಆ ಪಟ್ಟಿಯಲ್ಲಿ 8ರಿಂದ 20ನೇ ಸ್ಥಾನದೊಳಗೆ ಇದ್ದೂ, ಜನ ನೋಡಿ ಒತ್ತದೇ ಹೋದ ಸಾಲುಗಳನ್ನು ಹುಡುಕಿ. ಅರ್ಧ ಬಾಗಿಲು ತೆರೆದಿದೆ ಎಂದರ್ಥ. ಉತ್ತರವನ್ನು ಇನ್ನಷ್ಟು ಬಿಡಿಸಿ ಬರೆದರೆ ಮೇಲೆ ಬರುವ ಸಾಧ್ಯತೆ ಇಲ್ಲೇ ಜಾಸ್ತಿ.

4. ಸಂಖ್ಯೆ ನೋಡಿ, ಆದರೆ ಹೆದರಬೇಡಿ

ಗೂಗಲ್ ಆಡ್ಸ್ (ಜಾಹೀರಾತು) ಖಾತೆ ಇದ್ದರೆ, ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ಅಂದಾಜಿಸುವ ಕೀವರ್ಡ್ ಪ್ಲ್ಯಾನರ್ ಸಿಗುತ್ತದೆ. ಜಾಹೀರಾತಿಗೆ ಖರ್ಚು ಮಾಡದವರಿಗೆ ಅದು ‘10ರಿಂದ 100’ ಎಂಬಂಥ ಅಗಲವಾದ ಅಂದಾಜನ್ನೇ ಕೊಡುವುದು ಹೆಚ್ಚು. ಕನ್ನಡದ ಸಾಲುಗಳಿಗೆ ಎಷ್ಟೋ ಸಲ ಸೊನ್ನೆ. ಸೊನ್ನೆ ಅಂದರೆ ಯಾರೂ ಹುಡುಕುವುದಿಲ್ಲ ಎಂದಲ್ಲ. ನಿಮ್ಮ ನೋಟ್‌ಬುಕ್‌ನಲ್ಲಿ ಆ ಪ್ರಶ್ನೆ ಐದು ಸಲ ಬಂದಿದ್ದರೆ ನಾನು ನೋಟ್‌ಬುಕ್ಕನ್ನೇ ನಂಬುತ್ತೇನೆ.

ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನು ಆರಿಸಿ ಯಾವ ತಿಂಗಳಲ್ಲಿ ಆಸಕ್ತಿ ಏರುತ್ತದೆ ನೋಡಿ. ಅಲ್ಲಿ ಕಾಣುವ 0ರಿಂದ 100 ಜನರ ಸಂಖ್ಯೆಯಲ್ಲ, ಹೋಲಿಕೆಯ ಅಳತೆ. ಉದ್ದ ಸಾಲಿಗೆ ಅದು ಏನೂ ತೋರಿಸದಿರಬಹುದು, ಆಗ ಚಿಕ್ಕ ಪದ ಹಾಕಿ. ಮಿಡಿ ಬರುವುದು ಹೆಚ್ಚಾಗಿ ಫೆಬ್ರುವರಿಯಿಂದ ಏಪ್ರಿಲ್ ನಡುವೆ. ಮಿಡಿ ಆರಿಸುವ ಬಗ್ಗೆ ಮೇ ತಿಂಗಳಲ್ಲಿ ಬರೆದರೆ ಏನು ಬಂತು? ಡಿಸೆಂಬರಿನಲ್ಲೇ ಹಾಕಿಬಿಡಿ.

5. ಒಂದು ಪ್ರಶ್ನೆಗೆ ಒಂದು ಪುಟವಲ್ಲ

ಪಟ್ಟಿ ನೂರು ಸಾಲಾದಾಗ ಕೈ ತುರಿಸುತ್ತದೆ, ನೂರು ಪುಟ ಬರೆದುಬಿಡೋಣ ಅಂತ. ಬೇಡ. ಪದ ಬದಲಿಸಿ ಒಂದೇ ವಿಷಯವನ್ನು ರಾಶಿ ಹಾಕುವುದು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ಸಿಕ್ಕಿಬೀಳುವ ದಾರಿ. 2024ರ ಮಾರ್ಚ್‌ನಲ್ಲಿ ಆ ನಿಯಮ ಇನ್ನಷ್ಟು ಬಿಗಿಯಾಯಿತು. ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ಹುಡುಕಿ ನೋಡಿ. ಮೊದಲ ಹತ್ತು ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅವೆರಡೂ ಒಂದೇ ಪುಟಕ್ಕೆ ಸೇರಬೇಕಾದವು. ಮೆತ್ತಗಾಗುವುದು, ಬಿಳಿ ಪದರ, ಫ್ರಿಜ್, ಒದ್ದೆ ಚಮಚ ಇವೆಲ್ಲ ಸೇರಿ ನಮಗೆ ‘ಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆ’ ಎಂಬ ಒಂದೇ ಪುಟವಾಯಿತು. ಬೆಲೆ, ಕೊರಿಯರ್ ಕೇಳುವವರು ಕೊಳ್ಳಲು ಬಂದವರು. ಅವರನ್ನು ಲೇಖನಕ್ಕೆ ಎಳೆಯಬೇಡಿ, ನೇರ ಮಾರಾಟದ ಪುಟಕ್ಕೆ ಕಳಿಸಿ.

ಪ್ರಶ್ನೆಯನ್ನು ಉಪಶೀರ್ಷಿಕೆಯಾಗಿ ಇಡಿ, ಉತ್ತರವನ್ನು ಮೊದಲ ಎರಡು ವಾಕ್ಯದಲ್ಲೇ ಹೇಳಿ. ಪೀಠಿಕೆ ಬೇಡ. ಎರಡು ಮೂರು ತಿಂಗಳಾದ ಮೇಲೆ ಮತ್ತೆ ಕನ್ಸೋಲ್ ತೆರೆಯಿರಿ. ನಮ್ಮ ಪುಟಕ್ಕೆ ‘ಮಿಡಿ ನೆನೆಸಿದ ಉಪ್ಪುನೀರು ಏನು ಮಾಡುವುದು’ ಎಂಬ ಸಾಲಿನಿಂದ ಜನ ಬರತೊಡಗಿದ್ದರು. ಪುಟದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅತ್ತಿಗೆಗೆ ಫೋನ್ ಮಾಡಿದೆ. “ಅಯ್ಯೋ, ಅದನ್ನ ಚೆಲ್ತಾರಾ ಯಾರಾದ್ರೂ? ಕುದಿಸಿ ಆರಿಸಿ, ಅದ್ರಲ್ಲೇ ಖಾರ ಕಲಸೋದು” ಎಂದರು. ಅವರು ಹೇಳಿದ್ದನ್ನು ಹಾಗೇ ಆರು ಸಾಲು ಮಾಡಿ ಆ ರಾತ್ರಿಯೇ ಸೇರಿಸಿದೆ.