ಮೊಳಕೆ ರಾಗಿಯನ್ನು ಕುದಿಸಿ ಮಾಡಿದ ಲಾಗರ್: ನನ್ನ ಅನುಭವ

"ಮೊಳಕೆ ಕಟ್ಟಿದ ರಾಗಿಯನ್ನು ಮತ್ತೆ ಕುದಿಸ್ತೀಯಾ? ಎನ್‌ಝೈಮ್ ಎಲ್ಲ ಸತ್ತು ಹೋಗಲ್ವಾ? ಹಾಗಾದ್ರೆ ಮೊಳಕೆ ಕಟ್ಟಿದ್ದು ಯಾಕೆ?" ಅಮೆರಿಕದಲ್ಲಿ ನನ್ನ ಹಾಗೆ ಮನೆಯಲ್ಲೇ ಬಿಯರ್ ಮಾಡುವ ಗೆಳೆಯರು ಎರಡು ವರ್ಷ ಕೇಳಿದ್ದು ಇದನ್ನೇ. ಎನ್‌ಝೈಮ್ ಅಂದರೆ ಮೊಳಕೆ ಕಾಳಿನಲ್ಲಿರುವ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ವಸ್ತು. ನಾನು ಮಾಡುವುದು ರಾಗಿ ಸೇರಿಸಿದ ಲಾಗರ್, ಅಂದರೆ ಸಾಮಾನ್ಯವಾಗಿ ತಣ್ಣಗೆ ಹುದುಗಿಸುವ ಬಿಯರ್. ಈಗ ಮೂರು ಬ್ಯಾಚ್ ಒಂದೇ ಸಮ ಬಂದಿವೆ. ಕೆಗ್ (ಬಿಯರ್ ತುಂಬಿಡುವ ಪೀಪಾಯಿ) ಖಾಲಿಯಾಗುವ ಮೊದಲೇ ಮುಂದಿನದು ಯಾವಾಗ ಅಂತ ಕೇಳುವವರೂ ಅವರೇ. ಹಾಗಾಗಿ ಬರೆದಿಡುತ್ತಿದ್ದೇನೆ. ಮ್ಯಾಶ್ (ಮಾಲ್ಟ್, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿಡುವುದು), ಸ್ಪಾರ್ಜ್ (ಸೋಸುವಾಗ ಮೇಲೆ ಬಿಸಿನೀರು ಹಾಕಿ ಉಳಿದ ಸಕ್ಕರೆ ತೊಳೆದು ಇಳಿಸುವುದು), ಕೆಗ್ ಗೊತ್ತಿರುವವರಿಗೆ ಮಾತ್ರ ಇದು, ಮೊದಲಿಂದ ಹೇಳಿಕೊಡುವುದಿಲ್ಲ.

ಅಮೆರಿಕದಲ್ಲಿ ಮನೆ ಬಳಕೆಗೆ ಬಿಯರ್ ಮಾಡಲು 1978ರ ಫೆಡರಲ್ ಕಾನೂನು ಅವಕಾಶ ಕೊಟ್ಟಿದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್. ಊರಲ್ಲಿ, ಅಂದರೆ ಕರ್ನಾಟಕದಲ್ಲಿ, ಅಬಕಾರಿ ಪರವಾನಗಿ ಇಲ್ಲದೆ ಕೈಹಾಕಬೇಡಿ. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಕೆಲಸ ಮಾಡುವವರು ಕೆಳಗಿನ ಅಳತೆಯನ್ನು ತಮ್ಮ ಕೆಟಲ್‌ಗೆ ತಕ್ಕಂತೆ ಹಿಗ್ಗಿಸಿಕೊಳ್ಳಬಹುದು.

ಮೊದಲು ನನ್ನ ನಾಲಿಗೆಯ ವಿಷಯ, ಯಾಕೆಂದರೆ ರೆಸಿಪಿ ಹುಟ್ಟಿದ್ದೇ ಅದರಿಂದ. ನನಗೆ ಬೇಕಾದ್ದು ಕಹಿ, ಅದೂ ಬಾಯಲ್ಲಿ ಸಿಹಿ ಉಳಿಸದೆ ಹೋಗುವ ಕಹಿ. ಪಿಲ್ಸ್‌ನರ್‌ ಉರ್ಕ್ವೆಲ್ (ಚೆಕ್ ಲಾಗರ್) ತಾಜಾ ಸಿಕ್ಕರೆ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಜರ್ಮನ್ ಪಿಲ್ಸ್, ಕೋಲ್ಶ್ ಇವೆರಡೂ ಇಷ್ಟ. ಗೋಧಿಯ ಹೆಫೆವೈಝನ್ ಒಂದು ಗ್ಲಾಸ್‌ಗೆ ಸಾಕು, ಎರಡನೆಯದಕ್ಕೆ ಬಾಳೆಹಣ್ಣಿನ ವಾಸನೆ ಮುಖಕ್ಕೆ ಹೊಡೆಯುತ್ತದೆ. ಹಾಪ್ಸ್ (ಕಹಿ, ಪರಿಮಳ ಕೊಡುವ ಹೂವು) ತುಂಬಿದ ಮಸುಕು ಐಪಿಎ ನನಗಲ್ಲ. ಊರಲ್ಲಿ ಸಿಗುವ ಸ್ಟ್ರಾಂಗ್ ಲಾಗರ್‌ಗಳಲ್ಲಿ ಆಲ್ಕೋಹಾಲ್‌ನ ಬಿಸಿ, ಸಿಹಿ ಎರಡೂ ಒಟ್ಟಿಗೆ ನಿಲ್ಲುತ್ತವೆ. ಅದನ್ನು ನಾನು ಕುಡಿಯುವುದಿಲ್ಲ.

ರಾಗಿ ಬಿಯರ್ ಅಂದರೆ ಹೆಚ್ಚಿನವರು ಕಪ್ಪು ಸ್ಟೌಟ್‌ಗೋ ಹೆಫೆವೈಝನ್‌ಗೋ ರಾಗಿ ಸುರಿಯುತ್ತಾರೆ. ಎರಡನ್ನೂ ಮಾಡಿ ನೋಡಿದ್ದೇನೆ. ಸ್ಟೌಟ್‌ನಲ್ಲಿ ಹುರಿದ ಬಾರ್ಲಿಯ ಮುಂದೆ ರಾಗಿ ಎಲ್ಲಿದೆ ಅಂತ ಹುಡುಕಬೇಕು. ಹೆಫೆವೈಝನ್‌ನಲ್ಲಿ ಯೀಸ್ಟ್ ಕೊಡುವ ಲವಂಗದ ವಾಸನೆ ಅದನ್ನು ಮುಚ್ಚಿಬಿಡುತ್ತದೆ. ಐಪಿಎಯಲ್ಲಿ ಹಾಪ್ಸ್ ಆಯಿತು, ಕಥೆ ಮುಗಿಯಿತು. ರಾಗಿಯ ಪರಿಮಳ ಸಣ್ಣದು: ಹುರಿಹಿಟ್ಟಿನ ಡಬ್ಬಿ ತೆರೆದಾಗ ಬರುವಂಥದ್ದು. ಅದು ಕೇಳಿಸಬೇಕಾದರೆ ಸುತ್ತ ಗದ್ದಲ ಇರಬಾರದು. 1842ರಲ್ಲಿ ಬ್ರೂಯರ್ ಯೋಸೆಫ್ ಗ್ರೋಲ್ ಚೆಕ್ ನಾಡಿನ ಪಿಲ್ಸೆನ್‌ನಲ್ಲಿ ಮಾಡಿದ ಬಿಯರ್‌ನ ಗುಣವೇ ಅದು: ತಿಳಿ ಮಾಲ್ಟ್, ಮೃದು ನೀರು, ಝಾಟ್ಸ್ ಹಾಪ್ಸ್, ತಣ್ಣಗೆ ಹುದುಗಿಸುವ ಯೀಸ್ಟ್. ಅಂಥ ಬಿಯರ್‌ಗೆ ಹಾಕಿದ ಒಂದು ಹಿಡಿ ಧಾನ್ಯವೂ ನಾಲಿಗೆಗೆ ಗೊತ್ತಾಗುತ್ತದೆ.

ಈಗ ಸೋತ ಲೆಕ್ಕ. ಒಟ್ಟು 9 ಬ್ಯಾಚ್, ಅದರಲ್ಲಿ 4 ಮೋರಿಗೆ. ಬ್ಯಾಚ್‌ಗೆ ಸುಮಾರು 40 ಡಾಲರ್ ಸಾಮಾನು ಅಂದುಕೊಂಡರೆ 160 ಡಾಲರ್ ಹರಿದುಹೋಯಿತು, 75 ಲೀಟರ್ ಬಿಯರ್ ಬೇರೆ.

ಮೊದಲನೆಯದಕ್ಕೆ ಅಂಗಡಿಯ ರಾಗಿ ಹಿಟ್ಟನ್ನೇ ಮ್ಯಾಶ್‌ಗೆ ಹಾಕಿದ್ದೆ. 65 ಡಿಗ್ರಿಯ ನೀರಿಗೆ ಬಿದ್ದ ಹಿಟ್ಟು ಗಂಟು ಕಟ್ಟಿತು, ಕಲಸಿದಷ್ಟೂ ಮುದ್ದೆ. ನಲ್ಲಿ ತಿರುಗಿಸಿದರೆ ಒಂದು ಹನಿ ಇಳಿಯಲಿಲ್ಲ. ರಾಗಿಗೆ ಬಾರ್ಲಿಯ ಹಾಗೆ ಹೊಟ್ಟು ಇಲ್ಲ, ಸೋಸಲು ಹಾಸು ಆಗುವುದಿಲ್ಲ. ಹಿಟ್ಟಂತೂ ಇರುವ ಹಾಸನ್ನೂ ಮುಚ್ಚಿಹಾಕುತ್ತದೆ.

ಎರಡನೆಯದು ಇಡೀ ರಾಗಿ, ಮೊಳಕೆ ಇಲ್ಲದ್ದು, ರವೆ ಮಾಡಿ ಬೇಯಿಸಿ ಹಾಕಿದ್ದು. ಸೋಸಲು ಎರಡೂವರೆ ಗಂಟೆ. ಬಿಯರ್ ಆಯಿತು, ಆದರೆ ಬೇಯದ ಹಿಟ್ಟಿನ ವಾಸನೆ, ಜೊತೆಗೆ ನಾಲಿಗೆ ಹಿಡಿಯುವ ಒಗರು.

ಮೂರನೆಯದರಿಂದ ಮೊಳಕೆ ರಾಗಿ. ಎಲ್ಲರೂ ಹೇಳುವ ಹಾಗೆ ನೇರವಾಗಿ ಮ್ಯಾಶ್‌ಗೆ ಹಾಕಿ 65 ಡಿಗ್ರಿಯಲ್ಲಿ ಒಂದೂಕಾಲು ಗಂಟೆ ಇಟ್ಟೆ. ಒಜಿ (ಹುದುಗುವ ಮುಂಚಿನ ಸಾಂದ್ರತೆ, ಸಕ್ಕರೆಯ ಅಳತೆ) 1.045 ಬರಬೇಕಾದ್ದು 1.037. ಅಯೋಡಿನ್ ಬಿಟ್ಟರೆ ಕಪ್ಪುನೀಲಿ, ಅಂದರೆ ಪಿಷ್ಟ ಸಕ್ಕರೆಯಾಗದೆ ಉಳಿದಿತ್ತು. ಕೆಗ್‌ನಲ್ಲಿ ಆರು ವಾರ ಬಿಟ್ಟರೂ ತಿಳಿಯಾಗಲಿಲ್ಲ. ಸಮಸ್ಯೆ ಇಲ್ಲಿತ್ತು: ರಾಗಿಯ ಪಿಷ್ಟ ಬಾರ್ಲಿಯ ಪಿಷ್ಟಕ್ಕಿಂತ ಹೆಚ್ಚು ಬಿಸಿಯಲ್ಲಿ ಬೇಯುತ್ತದೆ. ಬೇಯದ ಪಿಷ್ಟದ ಮೇಲೆ ಎನ್‌ಝೈಮ್ ಎಷ್ಟಿದ್ದರೂ ಕೆಲಸ ನಿಧಾನ. ಬೇಯಲಿ ಅಂತ ಮ್ಯಾಶ್ ಬಿಸಿ ಏರಿಸಿದರೆ ಬಾರ್ಲಿಯ ಬೀಟಾ ಅಮೈಲೇಸ್ (ಹುದುಗುವ ಸಕ್ಕರೆ ಮಾಡುವ ಎನ್‌ಝೈಮ್) ಸಾಯುತ್ತದೆ, ಬಿಯರ್ ಸಿಹಿ ಉಳಿಯುತ್ತದೆ. ನಾಲ್ಕನೆಯ ಬ್ಯಾಚ್ ಹೋದದ್ದೇ ಹಾಗೆ, 71 ಡಿಗ್ರಿ ಮ್ಯಾಶ್, ಎಫ್‌ಜಿ (ಹುದುಗಿದ ಮೇಲಿನ ಸಾಂದ್ರತೆ) 1.018.

ಆಗ ಹೊಳೆದದ್ದು ರಾಗಿ ಸರಿ. ಮಗುವಿಗೆ ಸರಿ ಮಾಡುವಾಗ ಮೊಳಕೆ ಕಟ್ಟಿದ ರಾಗಿಯನ್ನೇ ಯಾಕೆ ತೆಗೆದುಕೊಳ್ಳುತ್ತಾರೆ? ಬೇಯಿಸಿದರೂ ಅದು ಮುದ್ದೆಯಾಗದೆ ತೆಳ್ಳಗಿರುತ್ತದೆ. ಕುದಿ ಬರುವ ಮುನ್ನ ಬಿಸಿ ಏರುವ ಹೊತ್ತಿನಲ್ಲೇ ಅದರ ಎನ್‌ಝೈಮ್‌ಗಳು ಪಿಷ್ಟವನ್ನು ತುಂಡರಿಸಿ ಗಂಜಿಯನ್ನು ಹರಿಯುವಂತೆ ಮಾಡಿರುತ್ತವೆ. ಆಮೇಲೆ ಕುದಿಯಲ್ಲಿ ಸತ್ತರೆ ಸಾಯಲಿ, ಸಕ್ಕರೆ ಮಾಡುವ ಕೆಲಸಕ್ಕೆ ಪಿಲ್ಸ್‌ನರ್ ಮಾಲ್ಟ್‌ನ ಎನ್‌ಝೈಮ್ ಬೇಕಾದಷ್ಟಿದೆ. ಗೆಳೆಯರ ಪ್ರಶ್ನೆಗೆ ಉತ್ತರ ಇಷ್ಟೇ: ಮೊಳಕೆ ಕಟ್ಟುವುದು ಪರಿಮಳಕ್ಕೆ ಮತ್ತು ತೆಳುವಾಗಲು, ಕುದಿಸುವುದು ಪಿಷ್ಟ ಬೇಯಲು. ಅಕ್ಕಿ, ಮೆಕ್ಕೆಜೋಳ ಹಾಕಿ ಲಾಗರ್ ಮಾಡುವ ಅಮೆರಿಕದ ದೊಡ್ಡ ಕಾರ್ಖಾನೆಗಳು 19ನೇ ಶತಮಾನದಿಂದ ಧಾನ್ಯವನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ಮಾಲ್ಟ್ ಜೊತೆ ಬೇಯಿಸಿಯೇ ಮ್ಯಾಶ್‌ಗೆ ಸೇರಿಸುತ್ತಾ ಬಂದಿವೆ.

ಮೊಳಕೆ ಹೀಗೆ. 1.3 ಕೆಜಿ ರಾಗಿ ತೆಗೆದುಕೊಂಡರೆ ಕೊನೆಗೆ 1.1 ಕೆಜಿ ಸಿಗುತ್ತದೆ. ನಾಲ್ಕೈದು ನೀರಿನಲ್ಲಿ ಗಾಲಿಸಿ ತೊಳೆಯಿರಿ, ಕಲ್ಲು ಉಳಿದರೆ ಮಿಲ್ಲಿನ ರೋಲರ್ ಹಾಳು. 12 ಗಂಟೆ ನೆನೆಹಾಕಿ, ನಡುವೆ ಒಮ್ಮೆ ನೀರು ಬದಲಿಸಿ. ಬಸಿದು ಒದ್ದೆ ಬಟ್ಟೆಯ ಮೇಲೆ ಒಂದು ಬೆರಳಿಗಿಂತ ದಪ್ಪ ಇಲ್ಲದಂತೆ ಹರಡಿ. ನಾನು ಒಮ್ಮೆ ಗಂಟು ಕಟ್ಟಿ ಬುಟ್ಟಿಯಲ್ಲಿಟ್ಟೆ, ಮನೆಯಲ್ಲಿ ಹೆಸರುಕಾಳಿಗೆ ಮಾಡುವ ಹಾಗೆ. ಒಳಗೆ ಬಿಸಿಯಾಗಿ ಎರಡನೇ ದಿನಕ್ಕೇ ಹುಳಿ ಅಂಬಲಿಯ ವಾಸನೆ, ಅದನ್ನು ಎಸೆದೆ. 8 ಗಂಟೆಗೊಮ್ಮೆ ನೀರು ಚಿಮುಕಿಸಿ ಕೈಯಾಡಿಸಿ. 25 ಡಿಗ್ರಿ ಆಸುಪಾಸಿನಲ್ಲಿ ಎರಡೂವರೆ ದಿನಕ್ಕೆ ಮೊಳಕೆ ಸುಮಾರು 1 ಸೆಂಟಿಮೀಟರ್ ಬರುತ್ತದೆ. ಬೂಷ್ಟು ಕಂಡರೆ ಇಡೀ ತಟ್ಟೆ ಬಿಸಾಡಿ, ಆರಿಸಿ ಉಳಿಸುವ ಆಸೆ ಬೇಡ. ಡಿಹೈಡ್ರೇಟರ್‌ನಲ್ಲಿ 45 ಡಿಗ್ರಿ, 12 ಗಂಟೆ. ಹಲ್ಲಿಗೆ ಹಾಕಿದರೆ ಕಟುಂ ಅನ್ನಬೇಕು. ಮೊರದಲ್ಲಿ ಉಜ್ಜಿ ಬೇರು ಕೇರಿ ತೆಗೆಯಿರಿ, ಬೇರು ಉಳಿದರೆ ಕಹಿ ಬೇರೆ ಥರ ಬರುತ್ತದೆ. ಡಿಹೈಡ್ರೇಟರ್‌ಗೆ 70 ಡಾಲರ್ ಕೊಟ್ಟಿದ್ದೆ. ಓವನ್‌ನ ಅತಿ ಕಡಿಮೆ ಉರಿಯೂ ಇದಕ್ಕೆ ಜಾಸ್ತಿಯೇ ಆಗುತ್ತದೆ, ಹಾಗಾಗಿ ಆ ದುಡ್ಡು ದಂಡವಲ್ಲ.

ಒಣಗಿದ್ದರಲ್ಲಿ ಮೂರನೇ ಒಂದು ಭಾಗವನ್ನು ಬಾಣಲೆಯಲ್ಲಿ ಹುರಿಯುತ್ತೇನೆ. ಎಷ್ಟು ಹೊತ್ತು, ಯಾವ ಹದ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಮೂರು ಬ್ಯಾಚ್ ಹಿಡಿಯಿತು, ನೀವೂ ಹುರಿದು ಮೂಸಿ ಕಂಡುಕೊಳ್ಳಿ.

ಪುಡಿ ಮಾಡುವಾಗ ಎಚ್ಚರ. ಬಾರ್ಲಿಗೆ ಇಟ್ಟ 1.1 ಮಿಲಿಮೀಟರ್ ಸಂದಿಯಲ್ಲಿ ರಾಗಿಯ ಸಣ್ಣ ಕಾಳು ಹಾಗೆಯೇ ಜಾರಿಹೋಗುತ್ತದೆ. 0.6ಕ್ಕೆ ಇಳಿಸಿ ಎರಡು ಸಲ ಬಿಡಿ. ಮಿಕ್ಸಿಯಾದರೆ ತಡೆದು ತಡೆದು ತಿರುಗಿಸಿ, ಉಪ್ಪಿಟ್ಟಿನ ರವೆಯ ಹದಕ್ಕೆ ನಿಲ್ಲಿಸಿ.

20 ಲೀಟರ್ ಬ್ಯಾಚ್‌ಗೆ ಪಿಲ್ಸ್‌ನರ್ ಮಾಲ್ಟ್ 3.3 ಕೆಜಿ, ಮೊಳಕೆ ರಾಗಿ 1.1 ಕೆಜಿ, ಭತ್ತದ ಹೊಟ್ಟು 250 ಗ್ರಾಂ. ರಾಗಿ ಕಾಲು ಭಾಗ. ಮೂರನೇ ಒಂದು ಭಾಗಕ್ಕೆ ಏರಿಸಿ ನೋಡಿದೆ, ಒಗರು ಏರಿತು, ನೊರೆ ಬೇಗ ಇಳಿಯಿತು. 15 ಪರ್ಸೆಂಟ್‌ಗೆ ಇಳಿಸಿದರೆ ರಾಗಿ ಇದೆ ಅಂತ ಮೊದಲೇ ಹೇಳಿದರಷ್ಟೇ ಗೊತ್ತಾಗುತ್ತದೆ. ನೀರು ಪೂರ್ತಿ ಆರ್‌ಒ, ಒಟ್ಟು 29 ಲೀಟರ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ 4 ಗ್ರಾಂ, ಜಿಪ್ಸಂ 3 ಗ್ರಾಂ. ಮ್ಯಾಶ್ ಪಿಎಚ್ 5.3ಕ್ಕೆ ಬರುವಷ್ಟು ಲ್ಯಾಕ್ಟಿಕ್ ಆಸಿಡ್.

ರಾಗಿ ರವೆಗೆ 200 ಗ್ರಾಂ ಪುಡಿ ಮಾಲ್ಟ್ ಬೆರೆಸಿ (ಮೇಲಿನ 3.3ರಲ್ಲೇ ತೆಗೆದದ್ದು) 5 ಲೀಟರ್ ನೀರಿನಲ್ಲಿ 66 ಡಿಗ್ರಿಗೆ ತನ್ನಿ, 15 ನಿಮಿಷ ಬಿಡಿ. ಆಮೇಲೆ ಸಣ್ಣ ಉರಿಯಲ್ಲಿ ಕುದಿಗೆ ಏರಿಸಿ. 75ರಿಂದ 80ರ ನಡುವೆ ಗಂಜಿ ಒಮ್ಮೆ ದಪ್ಪಗಾಗಿ ಹೆದರಿಸುತ್ತದೆ, ಕೈ ಬಿಡದೆ ತಿರುವಿ, ತಾನೇ ಸಡಿಲವಾಗುತ್ತದೆ. ಆ ಹೊತ್ತಿಗೆ ನೀರು ಸುರಿಯಬೇಡಿ, ಮುಂದಿನ ಬಿಸಿಯ ಲೆಕ್ಕ ತಪ್ಪುತ್ತದೆ. ಕುದಿ 20 ನಿಮಿಷ. ತಳ ಹಿಡಿದರೆ ಆ ಸೀದ ವಾಸನೆ ಲಾಗರ್‌ನಿಂದ ಎಂದೂ ಹೋಗುವುದಿಲ್ಲ, ದಪ್ಪ ತಳದ ಪಾತ್ರೆಯೇ ಇರಲಿ.

ಗಂಜಿ ಕುದಿಯುವಾಗಲೇ ದೊಡ್ಡ ಮ್ಯಾಶ್ ಶುರು: ಉಳಿದ ಮಾಲ್ಟ್ 10 ಲೀಟರ್ ನೀರಿನಲ್ಲಿ 55 ಡಿಗ್ರಿ. ಅಲ್ಲಿ 15 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬೇಡಿ, ನೊರೆ ಕೆಡುತ್ತದೆ. ಒಲೆ ಆರಿಸಿ ಗಂಜಿ 90ಕ್ಕೆ ಇಳಿದಾಗ ಹೊಟ್ಟಿನ ಸಮೇತ ಮ್ಯಾಶ್‌ಗೆ ಸೇರಿಸಿದರೆ 65–66ಕ್ಕೆ ಬಂದು ನಿಲ್ಲುತ್ತದೆ. ಗಂಜಿಯನ್ನು ಒಂದೇ ಸಲ ಸುರಿಯದೆ ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಥರ್ಮಾಮೀಟರ್ 66 ತೋರಿಸಿದಾಗ ನಿಲ್ಲಿಸಿ. ಉಳಿದದ್ದು ತಣಿದ ಮೇಲೆ ಸೇರಲಿ. 60 ನಿಮಿಷಕ್ಕೆ ಅಯೋಡಿನ್ ಬಣ್ಣ ಬದಲಾಗುವುದಿಲ್ಲ. ಮೊದಲ ಸಲ ಇದನ್ನು ನೋಡಿದಾಗ ಆದ ಖುಷಿ ದೊಡ್ಡದು.

ಸೋಸುವಾಗ ನಲ್ಲಿಯನ್ನು ಕಾಲು ಭಾಗ ಮಾತ್ರ ತೆರೆಯಿರಿ. ನಿಂತರೆ ಕೆಳಗಿನಿಂದ ಒಂದು ಲೀಟರ್ ಬಿಸಿನೀರು ಒತ್ತಿ ಹಾಸನ್ನು ಎತ್ತಿ. ಚೀಲದಲ್ಲಿ ಮ್ಯಾಶ್ ಮಾಡುವವರು ಚೀಲವನ್ನು ಹಿಂಡಬೇಡಿ. ಕೆಂಪು ರಾಗಿಯ ಸಿಪ್ಪೆಯಲ್ಲಿ ಟ್ಯಾನಿನ್ ಇದೆ. ಸ್ಪಾರ್ಜ್ ನೀರು 74 ಡಿಗ್ರಿ ದಾಟಿದರೂ, ಪಿಎಚ್ 5.8 ಮೀರಿದರೂ ಒಗರು ಇಳಿದುಬರುತ್ತದೆ. ಸ್ಪಾರ್ಜ್ ನೀರಿಗೂ ಆಸಿಡ್ ಹಾಕುವುದನ್ನು ನಾನು ಕಲಿತದ್ದು ಐದನೇ ಬ್ಯಾಚ್ ಕುಡಿದು ಬಾಯಿ ಚೊಗರಾದ ಮೇಲೆ.

ಕುದಿ 75 ನಿಮಿಷ, ಮುಚ್ಚಳ ತೆರೆದೇ. ಮುಗಿಯಲು 60 ನಿಮಿಷ ಇರುವಾಗ ಮ್ಯಾಗ್ನಂ ಹಾಪ್ಸ್ 15 ಗ್ರಾಂ, ಕೊನೆಯ 20 ನಿಮಿಷಕ್ಕೆ ಝಾಟ್ಸ್ 40 ಗ್ರಾಂ, ಒಲೆ ಆರಿಸಿದಾಗ ಇನ್ನೊಂದು 30. ಕಹಿಯ ಅಳತೆ ಹೆಚ್ಚುಕಡಿಮೆ 30 ಐಬಿಯು. ಒಜಿ 1.045, ಎಫ್‌ಜಿ 1.008, ಆಲ್ಕೋಹಾಲ್ 4.9 ಪರ್ಸೆಂಟ್ ಹತ್ತಿರ.

ಯೀಸ್ಟ್ ವಿಷಯದಲ್ಲೂ ಜಗಳ ಆಯಿತು. ಲಾಗರ್ ಅಂದರೆ 10 ಡಿಗ್ರಿ ಅಂತ ಹಟ ಹಿಡಿಯುವವರು ಇದ್ದಾರೆ. ನನ್ನ ಫ್ರೀಜರ್‌ನಲ್ಲಿ ಕೆಗ್‌ಗಳಿಗಷ್ಟೇ ಜಾಗ. ಇನ್ನೊಂದು ಫ್ರೀಜರ್ ಕೊಳ್ಳುವ ಬದಲು 40 ಡಾಲರ್‌ಗೆ ಸ್ಪಂಡಿಂಗ್ ವಾಲ್ವ್ (ಹುದುಗುವಾಗ ಕೆಗ್ ಒಳಗಿನ ಒತ್ತಡವನ್ನು ಹಿಡಿದಿಡುವ ಕವಾಟ) ಕೊಂಡು 34/70 ಅನ್ನುವ ಲಾಗರ್ ಯೀಸ್ಟನ್ನು ಒತ್ತಡದಲ್ಲಿ 18 ಡಿಗ್ರಿಗೆ ಹುದುಗಿಸಿದೆ. ಎರಡು ಪ್ಯಾಕೆಟ್ ಕಡ್ಡಾಯ. ಒಂದೇ ಹಾಕಿದ ಸಲ ಹಸಿ ಸೇಬಿನ ವಾಸನೆ ಮೂರು ವಾರ ಬಿಡಲಿಲ್ಲ. ಮೊದಲ 30 ಗಂಟೆ ಒತ್ತಡ ಬೇಡ, ಆಮೇಲೆ 15 ಪಿಎಸ್‌ಐ. ಶುರುವಿನಿಂದಲೇ ವಾಲ್ವ್ ಬಿಗಿದು ಕೆಗ್ ಕುತ್ತಿಗೆವರೆಗೂ ತುಂಬಿದ್ದಾಗ ನೊರೆ ಏರಿ ವಾಲ್ವ್ ಕಟ್ಟಿಕೊಂಡಿತ್ತು, ಅದು ಅಪಾಯ. ಮೇಲೆ 3 ಲೀಟರ್ ಜಾಗವಾದರೂ ಬಿಡಿ, ಕೆಗ್‌ನ ಪ್ರೆಶರ್ ರಿಲೀಫ್ ಕೆಲಸ ಮಾಡುತ್ತದೆಯೇ ಅಂತ ಮೊದಲೇ ನೋಡಿ. ಏಳೆಂಟು ದಿನಕ್ಕೆ ಎಫ್‌ಜಿ. ಇನ್ನೆರಡು ದಿನ ಹಾಗೇ ಬಿಟ್ಟು 1 ಡಿಗ್ರಿಗೆ ಇಳಿಸಿ, ಮೂರು ವಾರ. ಈ ಮೂರು ವಾರದ ನಡುವೆ ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ. ಅದಿಲ್ಲದೆಯೂ ಬಿಯರ್ ಚೆನ್ನಾಗಿಯೇ ಬರುತ್ತದೆ.

ನಂಬದ ಗೆಳೆಯರಿಗೆ ಮೂರು ಗ್ಲಾಸ್ ಪರೀಕ್ಷೆ ಇಟ್ಟೆ: ಎರಡರಲ್ಲಿ ರಾಗಿ ಇಲ್ಲದ ಪಿಲ್ಸ್, ಒಂದರಲ್ಲಿ ಇದು. ಬಣ್ಣ ಕಾಣದ ಕಪ್ಪು ಲೋಟ. ಎಂಟು ಜನರಲ್ಲಿ ಆರು ಮಂದಿ ಸರಿಯಾಗಿ ಗುರುತು ಹಿಡಿದರು, ಅದರಲ್ಲಿ ಐವರಿಗೆ ರಾಗಿಯದೇ ಹೆಚ್ಚು ಹಿಡಿಸಿತು. ಎನ್‌ಝೈಮ್ ಪ್ರಶ್ನೆ ಕೇಳಿದವರು ಆ ಐವರಲ್ಲಿದ್ದರು.

ನಡುವೆ ಬೇರೆ ಪ್ರಯೋಗಗಳೂ ಆದವು. ಜೋನಿ ಬೆಲ್ಲ ಹಾಕಿದ ಬೆಲ್ಜಿಯಂ ಶೈಲಿಯ ಡುಬೆಲ್ ಬಿಯರ್ ಚೆನ್ನಾಗಿ ಬಂತು, ಆದರೆ 300 ಗ್ರಾಂ ಮೀರಿದರೆ ಉಪ್ಪುಪ್ಪು. ಸೈಸನ್ ಬಿಯರ್‌ಗೆ ಕಾಳುಮೆಣಸು ಕುದಿಯ ಕೊನೆಯಲ್ಲಿ ಜಜ್ಜಿ 5 ಗ್ರಾಂ ಸಾಕು, ಹತ್ತು ಹಾಕಿದ್ದನ್ನು ಕುಡಿಯಲು ಆಗಲಿಲ್ಲ. ಪೂರ್ತಿ ರಾಗಿಯದೇ ಬಿಯರ್ ಮಾಡಬೇಕೆಂಬ ಆಸೆಯೂ ಇದೆ. ಉಗಾಂಡದ ತೇಸೊ ಜನ ರಾಗಿಯಿಂದ ಅಜೋನ್ ಮಾಡಿ ಉದ್ದ ಕೊಳವೆಯಲ್ಲಿ ಹೀರುತ್ತಾರೆ, ನೇಪಾಳ-ಸಿಕ್ಕಿಂ ಕಡೆ ಹುದುಗಿದ ರಾಗಿಗೆ ಬಿಸಿನೀರು ಸುರಿದು ತೋಂಗ್ಬಾ ಕುಡಿಯುತ್ತಾರೆ. ರಾಗಿ ನಮ್ಮಲ್ಲಿಗೆ ಬಂದದ್ದೇ ಪೂರ್ವ ಆಫ್ರಿಕದಿಂದ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಭಾರತ, ಆಫ್ರಿಕ ಎರಡರ ತಳಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಲ್ಲಿನ ಭಾರತೀಯ ಅಂಗಡಿಯ ಪೊಟ್ಟಣದ ಮೇಲೆ ಯಾವ ತಳಿ ಅಂತ ಬರೆದಿರುವುದಿಲ್ಲ, ನಾಲ್ಕು ಪೌಂಡಿಗೆ ಆರು ಡಾಲರ್ ಕೊಟ್ಟು ಸಿಕ್ಕಿದ್ದನ್ನು ತರುವುದು. ಹಳೆಯ ದಾಸ್ತಾನಾದರೆ ಅರ್ಧಕ್ಕರ್ಧ ಮೊಳೆಯುವುದೇ ಇಲ್ಲ, ಹಾಗಾಗಿ ಪೂರ್ತಿ ನೆನೆಹಾಕುವ ಮುನ್ನ ನೂರು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ಎಣಿಸಿ. 85ಕ್ಕಿಂತ ಕಡಿಮೆ ಮೊಳೆತರೆ ಆ ಪೊಟ್ಟಣ ಮುದ್ದೆಗೆ ಹೋಗಲಿ.

ಮುಂದಿನದಕ್ಕೆ ಬಿಳಿ ರಾಗಿ ತರಿಸಿದ್ದೇನೆ. ಅದರಲ್ಲಿ ಟ್ಯಾನಿನ್ ತೀರ ಕಡಿಮೆ, ಮೂರನೇ ಒಂದು ಭಾಗಕ್ಕೆ ಏರಿಸಬಹುದು ಅನ್ನುವುದು ನನ್ನ ಅಂದಾಜು. ಕಾಳು ನಿನ್ನೆ ರಾತ್ರಿ ನೆನೆದಿದೆ. ಈಗಿನ ಕೆಗ್ ಕುಡಿಯುವವರು 6 ಡಿಗ್ರಿಯಲ್ಲಿ ಬಗ್ಗಿಸಿಕೊಳ್ಳಿ, ಅದಕ್ಕಿಂತ ತಣ್ಣಗಾದರೆ ಹುರಿಹಿಟ್ಟಿನ ವಾಸನೆ ಏಳುವುದಿಲ್ಲ. ಜೊತೆಗೆ ಕಾಂಗ್ರೆಸ್ ಕಡಲೆಕಾಯಿ ಇದ್ದರೆ ಇನ್ನೇನೂ ಬೇಕಿಲ್ಲ.